ಅಲ್ಸೇಸ್‌ನಲ್ಲಿ ಜರ್ಮನ್ನರ ನಾಗರಿಕ ಆಡಳಿತ: ಇತಿಹಾಸದ ಮೇಡಂಗೆ ಒಂದು ಪ್ರಶ್ನೆ

ಪ್ರಶ್ನೆ: ಮೇಡಂ, 1940ರಲ್ಲಿ ಫ್ರಾನ್ಸ್ ಸೋತ ಮೇಲೆ ಪ್ಯಾರಿಸ್‌ನಲ್ಲಿ ಜರ್ಮನ್ ಸೇನೆಯ ಆಡಳಿತ ಇತ್ತು. ಗಡಿಯ ಅಲ್ಸೇಸ್‌ನಲ್ಲಿ ಮಾತ್ರ ನಾಗರಿಕ ಆಡಳಿತ. ಮಿಲಿಟರಿಗಿಂತ ಅದು ಜನಕ್ಕೆ ಮೇಲಲ್ವಾ?

ಉತ್ತರ: ಇಲ್ಲ, ಅಲ್ಲಿನವರಿಗೆ ಅದರಿಂದಲೇ ಕಷ್ಟ ಜಾಸ್ತಿ ಆಯಿತು. ಸೇನೆಯ ಆಡಳಿತದಲ್ಲಿ ನೆಲ ಹೆಸರಿಗಾದರೂ ಫ್ರಾನ್ಸಿನದೇ. ಇಲ್ಲಿನ ನಾಗರಿಕ ಆಡಳಿತ ಅಂದರೆ ನೆಲವನ್ನೇ ಜರ್ಮನಿಗೆ ಸೇರಿಸಿಕೊಳ್ಳುವ ದಾರಿ. ಅಲ್ಸೇಸ್‌ಗೆ ಬಂದ ರಾಬರ್ಟ್ ವಾಗ್ನರ್ ಪಕ್ಕದಲ್ಲಿದ್ದ ಜರ್ಮನಿಯ ಬಾಡೆನ್ ಪ್ರಾಂತ್ಯದ ನಾಜಿ ಮುಖ್ಯಸ್ಥ. ಅವನು ಉತ್ತರ ಕೊಡಬೇಕಾಗಿದ್ದು ನೇರವಾಗಿ ಹಿಟ್ಲರ್‌ಗೆ. ಅಲ್ಸೇಸ್ ಪಕ್ಕದ ಲೊರೇನ್‌ನ ಮೊಸೆಲ್ ಜಿಲ್ಲೆ ಯೋಸೆಫ್ ಬ್ಯುರ್ಕೆಲ್ ಎಂಬ ಇನ್ನೊಬ್ಬ ನಾಜಿ ಮುಖ್ಯಸ್ಥನ ಕೈಗೆ ಹೋಯಿತು. 1940ರ ಜೂನ್ 22ರ ಕದನವಿರಾಮ ಒಪ್ಪಂದದಲ್ಲಿ ಈ ಪ್ರದೇಶಗಳನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ. ಯಾವ ಘೋಷಣೆಯೂ ಇಲ್ಲದೆ ಸುಮ್ನೆ ಜರ್ಮನಿಯೊಳಗೆ ಸೇರಿಸಿಕೊಂಡರು.

ಆಮೇಲೆ ಮನೆಮನೆಯ ಬದುಕಿಗೇ ಕೈ ಹಾಕಿದರು. ಫ್ರೆಂಚ್ ಮಾತಾಡುವ ಹಾಗಿಲ್ಲ. ತಲೆ ಮೇಲೆ ಫ್ರೆಂಚರ ಬೆರೆ ಟೋಪಿ ಇಡುವ ಹಾಗಿಲ್ಲ. ಶಾರ್ಲ್ ಅನ್ನುವವನು ಕಾರ್ಲ್ ಆಗಬೇಕು, ಫ್ರಾಂಸ್ವಾ ಅನ್ನುವವನು ಫ್ರಾಂಟ್ಸ್. ಬೀದಿಗಳ ಹೆಸರೂ ಬದಲು. ತಕರಾರು ಮಾಡಿದವರಿಗೆ ಶಿರ್ಮೆಕ್ ಎಂಬಲ್ಲಿನ ನಾಜಿ ಸೆರೆ ಕ್ಯಾಂಪ್ ಕಾದಿತ್ತು. ಮೊಸೆಲ್‌ನಿಂದ ಫ್ರೆಂಚ್ ಮಾತಾಡುವ ಸಾವಿರಾರು ಜನರನ್ನು 1940ರ ನವೆಂಬರ್‌ನಲ್ಲಿ ರೈಲು ಹತ್ತಿಸಿ ಹೊರಗೆ ಕಳಿಸಿದರು.

ಎಲ್ಲಕ್ಕಿಂತ ದೊಡ್ಡ ಅನ್ಯಾಯ 1942ರ ಆಗಸ್ಟ್‌ನದು. ಮೊಸೆಲ್‌ನಲ್ಲಿ 19ಕ್ಕೆ, ಅಲ್ಸೇಸ್‌ನಲ್ಲಿ 25ಕ್ಕೆ ಆದೇಶ ಬಂತು: ಹುಡುಗರು ಜರ್ಮನ್ ಸೈನ್ಯಕ್ಕೆ ಸೇರಲೇಬೇಕು. ಶತ್ರುದೇಶದ ಪ್ರಜೆಗಳನ್ನು ಅವರ ದೇಶದ ವಿರುದ್ಧವೇ ಯುದ್ಧಕ್ಕೆ ಇಳಿಸಬಾರದು ಅಂತ 1907ರ ಹೇಗ್ ನಿಯಮ ಹೇಳುತ್ತದೆ. ಆದರೆ ವಾಗ್ನರ್ ಲೆಕ್ಕದಲ್ಲಿ ಇವರು ಜರ್ಮನ್ನರೇ. ಹೀಗೆ ಸುಮಾರು 1,30,000 ಜನರನ್ನು ಎಳೆದುಕೊಂಡು ಹೋದರು. ಹೆಚ್ಚಿನವರು ರಷ್ಯಾ ಕಡೆಯ ರಣರಂಗಕ್ಕೆ.

ಇನ್ನೊಬ್ಬರ ಪ್ರಶ್ನೆ: ಸ್ವಿಟ್ಜರ್ಲೆಂಡ್ ಪಕ್ಕದಲ್ಲೇ ಇತ್ತಲ್ವಾ ಮೇಡಂ? ಓಡಿಹೋಗಬಹುದಿತ್ತಲ್ಲ?

ಉತ್ತರ: ಓಡಿದವರಿದ್ದಾರೆ. ಆದರೆ ಮಗ ತಪ್ಪಿಸಿಕೊಂಡರೆ ಅಪ್ಪ, ಅಮ್ಮ, ತಂಗಿಯರನ್ನು ಜರ್ಮನಿಗೆ ಸಾಗಿಸುತ್ತಿದ್ದರು. 1943ರ ಫೆಬ್ರವರಿಯಲ್ಲಿ ಬಾಲರ್ಸ್‌ಡಾರ್ಫ್ ಎಂಬ ಹಳ್ಳಿಯ ಹುಡುಗರು ರಾತ್ರಿ ಗಡಿ ಕಡೆ ಹೊರಟರು. ಕಾವಲುಗಾರರು ಎದುರಾಗಿ ಗುಂಡು ಹಾರಿತು, ಕೆಲವರು ಅಲ್ಲೇ ಸತ್ತರು. ಸಿಕ್ಕಿಬಿದ್ದವರಲ್ಲಿ ಬಹುತೇಕರನ್ನು ಅಲ್ಸೇಸ್‌ನಲ್ಲೇ ಇದ್ದ ಸ್ಟ್ರುಟಾಫ್ ಎಂಬ ನಾಜಿ ಕ್ಯಾಂಪಿನಲ್ಲಿ ಗುಂಡಿಟ್ಟು ಕೊಂದರು. ಮನೆಯವರನ್ನೂ ಬಿಡಲಿಲ್ಲ. ಹೆತ್ತವರನ್ನು ಒತ್ತೆ ಇಟ್ಟಿರುವಾಗ 18ರ ಹುಡುಗನಿಗೆ ಎಂಥ ಆಯ್ಕೆ ಇತ್ತು ಹೇಳಿ? 'ಹೋಗಿದ್ದೇ ತಪ್ಪು' ಅಂತ ಅವರನ್ನು ದೂರುವುದನ್ನು ನಾನು ಒಪ್ಪುವುದಿಲ್ಲ.

ಅದೇ ವ್ಯಕ್ತಿ: ವಾಗ್ನರ್‌ಗೆ ಶಿಕ್ಷೆ ಆಯ್ತಾ?

ಉತ್ತರ: ಆಯಿತು. ಸ್ಟ್ರಾಸ್‌ಬರ್ಗ್‌ನಲ್ಲೇ ವಿಚಾರಣೆ ನಡೆಯಿತು, 1946ರ ಆಗಸ್ಟ್ 14ರಂದು ಗುಂಡಿಟ್ಟು ಕೊಂದರು. ಬ್ಯುರ್ಕೆಲ್ 1944ರಲ್ಲೇ ಸತ್ತಿದ್ದ. ಆದರೆ ಅವರು ಕಳಿಸಿದ ಹುಡುಗರಲ್ಲಿ ಎಷ್ಟೋ ಜನ ಸೋವಿಯತ್ ಸೆರೆಯಲ್ಲಿದ್ದರು, ಟಾಂಬೋವ್ ಕ್ಯಾಂಪಿನಲ್ಲಿ ಸಾವಿರಾರು ಮಂದಿ ತೀರಿಕೊಂಡರು. ಸೆರೆಯಿಂದ ಕೊನೆಯವನು ಊರಿಗೆ ಬಂದಿದ್ದು 1955ರಲ್ಲಿ.