ವೆಲ್ಹೆಯಾ, ಸತ್ತರಿಯಾ? ಕಾಡಂಚಿಗೆ ಹೋಗುವವರಿಗೆ ನಮ್ಮ ಅನುಭವ

ಚಿಂಚವಾಡದಿಂದ ಕೇಳಿದ್ದು: ನಾವು ಗಂಡ ಹೆಂಡತಿ ಕೆಲಸ ಬಿಟ್ಟು ಸಹ್ಯಾದ್ರಿಯ ಕಾಡಂಚಿನಲ್ಲಿ ಕಾಯಂ ಇರಬೇಕು ಅಂತಿದ್ದೇವೆ. ಕರೆಂಟಿನ ಲೈನ್ ಬೇಡ, ನಲ್ಲಿ ಬೇಡ. ಪುಣೆ ಜಿಲ್ಲೆಯ ವೆಲ್ಹೆ ಒಳ್ಳೆಯದಾ, ಗೋವಾದ ಸತ್ತರಿಯಾ? ಇದ್ದು ಬಂದವರು ಹೇಳಿ.

ಕೋಥರೂಡಿನಿಂದ: ತಂಗಿ, ನಾನು ವೆಲ್ಹೆ ಕಡೆ ನಾಲ್ಕು ವರ್ಷ ಇದ್ದೆ. ಜಾಗ ನೋಡಿದ್ದು ಡಿಸೆಂಬರಿನಲ್ಲಿ. ಮನೆ ಹಿಂದೆ ತೋಳಿನ ದಪ್ಪ ಝರಿ ಹರಿಯುತ್ತಿತ್ತು, ಅದಕ್ಕೇ ಮರುಳಾದೆ. ಮೇ ತಿಂಗಳಲ್ಲಿ ಅದೇ ಝರಿಯ ಬಾಯಿಗೆ ಹಲಸಿನ ಎಲೆ ಸಿಕ್ಕಿಸಿ ಕೂರುತ್ತಿದ್ದೆ. ಎಲೆ ತುದಿಯಿಂದ ಹನಿ ಬಿದ್ದು ಒಂದು ಕೊಡ ತುಂಬಲು ಮುಕ್ಕಾಲು ಗಂಟೆ. ಮಳೆ ಅಲ್ಲಿ ಜಾಸ್ತಿಯೇ. ಆದರೆ ಕೆಳಗೆ ಕರಿಕಲ್ಲು, ಬಿದ್ದ ನೀರೆಲ್ಲ ಇಳಿಜಾರಿನಲ್ಲಿ ಓಡಿಹೋಗುತ್ತದೆ. ಹಾಗಾಗಿ ಜಾಗವನ್ನು ಮೇ ಕೊನೆಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ನೋಡಲೇಬೇಕು. ಜುಲೈಯಲ್ಲಿ ವಾರಗಟ್ಟಲೆ ಬಿಸಿಲಿಲ್ಲ. ನಮ್ಮ ಸೋಲಾರಿನಲ್ಲಿ ಎರಡು ಬಲ್ಬು, ಒಂದು ಫೋನು, ಅಷ್ಟೇ. ಒಣ ಸೌದೆ ಮಳೆಗೆ ಮುಂಚೆಯೇ ಅಟ್ಟ ಸೇರಿರಬೇಕು.

ಕಡಿದಾದ ಗುಡ್ಡದ ಬುಡ ಮಾತ್ರ ಬೇಡವೇ ಬೇಡ. 2014ರ ಜುಲೈ 30ರಂದು ಇದೇ ಪುಣೆ ಜಿಲ್ಲೆಯ ಮಾಳೀಣ ಊರು ಬೆಳಬೆಳಿಗ್ಗೆ ಕುಸಿದ ಗುಡ್ಡದಡಿ ಸೇರಿತು. 100ಕ್ಕೂ ಹೆಚ್ಚು ಜನ ಹೋದರು.

ಡೊಂಬಿವಲಿಯಿಂದ: ಮೊದಲು ಕಾಗದ ನೋಡಿ. ಮಹಾರಾಷ್ಟ್ರದಲ್ಲಿ ರೈತರಲ್ಲದವರು ಸುಮ್ನೆ ಹೋಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಸಾತ್‌ಬಾರಾ ಉತಾರಾದಲ್ಲಿ, ಅಂದರೆ ನಮ್ಮ ಪಹಣಿಯಂಥ ಜಮೀನು ದಾಖಲೆಯಲ್ಲಿ, ಯಾರ ಹೆಸರಿದೆ ಅಂತ ನೀವೇ ತೆಗೆಸಿ ಓದಿ. ದಲ್ಲಾಳಿ ಮಾತು ನಂಬಿ ನಾನು ಮುಂಗಡ ಕಳೆದುಕೊಂಡೆ, ಇವತ್ತಿಗೂ ಸಂಕಟವಾಗುತ್ತದೆ. ಗೋವಾದಲ್ಲೂ 2023ರ ಕಾನೂನು ಬಂದಮೇಲೆ ಭತ್ತದ ಗದ್ದೆ ಹಾಗೆಲ್ಲ ಸಿಗುವುದಿಲ್ಲ.

ಸತ್ತರಿಯ ವಾಳಪೈಯಿಂದ: ಸತ್ತರಿಯಲ್ಲಿ ನೀರು, ನೆರಳು ಎರಡೂ ಇವೆ. ಆದರೆ ಮಹದಾಯಿ ಅಭಯಾರಣ್ಯ ಇಲ್ಲೇ ಇದೆ, ಗಡಿ ಎಲ್ಲಿ ಅಂತ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ಇನ್ನೊಂದು, ಮಂಗನ ಕಾಯಿಲೆ. ನಮ್ಮ ಶಿವಮೊಗ್ಗದ ಕ್ಯಾಸನೂರಿನಲ್ಲಿ 1957ರಲ್ಲಿ ಗೊತ್ತಾದ ಕಾಯಿಲೆ ಇಲ್ಲಿಯ ಗೇರು ತೋಟಗಳಿಗೂ ಬಂದಿದೆ. ಉಣುಗು ಕಚ್ಚಿ ಹರಡುತ್ತದೆ. ಕಾಡಿಂದ ಬಂದ ಕೂಡಲೇ ನಾನು ಬಟ್ಟೆ ಕುದಿನೀರಿಗೆ ಹಾಕಿ, ಮಂಡಿ ಹಿಂದೆ, ಕಂಕುಳಲ್ಲಿ ಬೆರಳಾಡಿಸಿ ನೋಡಿಕೊಳ್ಳುತ್ತೇನೆ. ಹಾವು ಕಡಿದರೆ ಔಷಧಿ ಇರುವ ಆಸ್ಪತ್ರೆ ಎಷ್ಟು ಹೊತ್ತಿನ ದಾರಿ ಅನ್ನೋದನ್ನು ಮಳೆಗಾಲದ ರಾತ್ರಿ ಒಮ್ಮೆ ಹೋಗಿಯೇ ನೋಡಿ.

ಕೊಳ್ಳುವ ಆತುರ ಬೇಡ ತಂಗಿ. ಮೇ ತಿಂಗಳಲ್ಲಿ ಇಬ್ಬರೂ ವಾಳಪೈಗೆ ಬನ್ನಿ, ನಮ್ಮಲ್ಲೇ ಉಳಿದುಕೊಳ್ಳಿ. ನಮ್ಮ ಬಾವಿಗೆ ಹಗ್ಗ ಇಳಿಸಿ ನೀರು ಎಷ್ಟಿದೆ ಅಂತ ನೀವೇ ಅಳೆಯಿರಿ.