ಹಶಿಮೊಟೊ ಥೈರಾಯ್ಡ್ ಇರುವ ಹೆಂಗಸರ ಹೊಟ್ಟೆ ಉಬ್ಬರ, ಮಲಬದ್ಧತೆ: ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬೇಕಾಗಿಲ್ಲ?

ಬದಿಯಡ್ಕ_ವಾರ್ಡ್

ನಮ್ಮ ವಾರ್ಡಿನ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಹೆಂಗಸರಿಗೆ ಹಂಚಲು ಕನ್ನಡದಲ್ಲಿ ಒಂದು ಪುಟದ ಮಾಹಿತಿ ಬರೆಯುತ್ತಿದ್ದೇನೆ. ಮಲಯಾಳದಲ್ಲಿ ಬರೆದದ್ದನ್ನು ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರು ಓದಲಾರರು. ಆ್ಯಂಟಿ-ಟಿಪಿಒ (ಹಶಿಮೊಟೊ ಗುರುತಿಸುವ ರಕ್ತಪರೀಕ್ಷೆ) ಪಾಸಿಟಿವ್ ಬಂದು ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ನುಂಗುವವರ ದೂರು ಹೆಚ್ಚುಕಡಿಮೆ ಒಂದೇ: ಮೂರು ದಿನಕ್ಕೊಮ್ಮೆ ಹೊಟ್ಟೆ ಹೋಗುವುದು, ಉಂಡ ಕೂಡಲೇ ಉಬ್ಬರ, ಎಷ್ಟು ಮಲಗಿದರೂ ಆಯಾಸ. ಬೆಳಿಗ್ಗೆ ಮಾತ್ರೆ, ಅದರ ಬೆನ್ನಿಗೇ ಚಾ. ಗ್ಯಾಸಿನ ಮಾತ್ರೆಯೂ ಇದೆ. ಕ್ಯಾಬೇಜು, ಮರಗೆಣಸು ಬಿಟ್ಟಾಗಿದೆ, ಕೆಲವರು ಗೋಧಿಯನ್ನೂ ಬಿಟ್ಟಿದ್ದಾರೆ. ಪುಡಿ ಉಪ್ಪಿನ ಬದಲು ಇಂದುಪ್ಪು (ಸೈಂಧವ ಲವಣ) ಬಂದಿದೆ. ಇದರಲ್ಲಿ ಸರಿ ಯಾವುದು? ಪುಟದಲ್ಲಿ ಮೊದಲು ಏನು ಬರಬೇಕು?

ಮಾತ್ರೆಚೀಟಿ

ಮೊದಲು ಬರಬೇಕಾದದ್ದು ಮಾತ್ರೆಯ ಹೊತ್ತು. ಊಟದ ಮಾತು ಆಮೇಲೆ. ಥೈರಾಯ್ಡ್ ಹಾರ್ಮೋನು ಸಾಲದಿದ್ದರೆ ಕರುಳು ನಿಧಾನವಾಗುತ್ತದೆ. ಮಾತ್ರೆ ಸರಿಯಾಗಿ ಮೈಗೆ ಹತ್ತದೆ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಸಾಲದಿದ್ದರೆ ರಕ್ತದಲ್ಲಿ ಏರುವ ಅಂಕಿ) ಏರಿಯೇ ಇದ್ದರೆ ಎಷ್ಟು ಸೊಪ್ಪು ತಿಂದರೂ ಮಲಬದ್ಧತೆ ಬಗೆಹರಿಯುವುದಿಲ್ಲ.

ಖಾಲಿ ಹೊಟ್ಟೆಗೆ, ಒಂದು ಗ್ಲಾಸ್ ಸಾದಾ ನೀರಿನಲ್ಲಿ ನುಂಗಬೇಕು. ಜೀರಿಗೆ ನೀರು, ಮೆಂತೆ ನೀರು, ನಮ್ಮ ಕಡೆಯ ಕೆಂಪು ಬಣ್ಣದ ದಾಹಶಮನಿ ನೀರು ಯಾವುದೂ ಬೇಡ. ಆಮೇಲೆ ಚಾ, ಕಾಫಿ, ತಿಂಡಿಗೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ತಡೆಯಬೇಕು. ಕಾಫಿ ಕುಡಿದರೆ ಮಾತ್ರೆ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಹಾಲಿನ ಕ್ಯಾಲ್ಸಿಯಂನಿಂದಲೂ ಅದೇ ಕಥೆ. ಐದೂವರೆಗೆ ಎದ್ದ ಕೂಡಲೇ ನುಂಗಿ, ಅಂಗಳ ಗುಡಿಸಿ, ಹಟ್ಟಿ ಕೆಲಸ ಮುಗಿಸಿ ಆರೂವರೆಗೆ ಚಾ ಕುಡಿದರಾಯಿತು.

ಕಬ್ಬಿಣದ ಮಾತ್ರೆಯಾಗಲಿ ಕ್ಯಾಲ್ಸಿಯಂ ಮಾತ್ರೆಯಾಗಲಿ, ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆಯ ಅಂತರ ಬೇಕು. ಕಬ್ಬಿಣ ಮಧ್ಯಾಹ್ನ, ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ ಎಂದು ಪುಟದಲ್ಲಿ ಗಂಟೆ ಹಾಕಿಯೇ ಬರೆಯಿರಿ. ಮೂರನ್ನೂ ಒಟ್ಟಿಗೆ ನುಂಗುವುದು ತೀರಾ ಸಾಮಾನ್ಯ ತಪ್ಪು.

ಗ್ಯಾಸಿನ ಮಾತ್ರೆಯ ವಿಷಯ ಇನ್ನೂ ಮುಖ್ಯ. ಲೆವೊಥೈರಾಕ್ಸಿನ್ ಕರಗಲು ಹೊಟ್ಟೆಯ ಆಮ್ಲ ಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಆ ಆಮ್ಲವನ್ನೇ ಇಳಿಸುತ್ತವೆ. ತಿಂಗಳುಗಟ್ಟಲೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಗ್ಯಾಸಿನ ಮಾತ್ರೆ ಶುರು ಮಾಡಿದ ಅಥವಾ ನಿಲ್ಲಿಸಿದ 6ರಿಂದ 8 ವಾರಕ್ಕೆ ಟಿಎಸ್‌ಎಚ್ ನೋಡಿಸಬೇಕು. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಾದಾಗಲೂ ಅಷ್ಟೇ ಸಮಯ. ಅದಕ್ಕೂ ಮೊದಲು ಪರೀಕ್ಷೆ ಮಾಡಿಸಿದರೆ ನಿಜವಾದ ಅಂಕಿ ಸಿಗುವುದಿಲ್ಲ.

ಮಳೆಗಾಲದ್ದೊಂದು ಮಾತು. ಬಾಟ್ಲಿಯೊಳಗೆ ತೇವ ಹೀರುವ ಸಣ್ಣ ಪೊಟ್ಟಣವಿದ್ದರೆ ಎಸೆಯಬೇಡಿ. ಮಾತ್ರೆಗಳನ್ನು ಬಾಟ್ಲಿಯಲ್ಲೇ ಬಿಟ್ಟು ಮುಚ್ಚಳ ಬಿಗಿ ಮಾಡಿ, ಬಿಸಿಲು ಬೀಳದ ಕಪಾಟಿನಲ್ಲಿಡಿ. ಒಲೆಯ ಮೇಲಿನ ಅಡ್ಡೆಯಲ್ಲಿ ಹಬೆಯೂ ಬಿಸಿಯೂ ತಾಗಿ ಮದ್ದಿನ ಶಕ್ತಿ ಕುಂದುತ್ತದೆ.

ಗಂಜಿತಿಳಿ

ಮೇಲಿನವರು ಹೇಳಿದ್ದು ಸರಿ. ಊಟದ ಬಗ್ಗೆ ನಾನು ಬರೆಯುತ್ತೇನೆ, ಯಾಕೆಂದರೆ ಹೆಂಗಸರು ಅಲ್ಲಿ ವಿನಾಕಾರಣ ಹೊಟ್ಟೆ ಕಟ್ಟುತ್ತಿದ್ದಾರೆ.

ಕ್ಯಾಬೇಜು ಬೇಯಿಸಿ ಪಲ್ಯ ಮಾಡಿ ವಾರಕ್ಕೆರಡು ಸಲ ತಿಂದರೆ ಏನೂ ಆಗುವುದಿಲ್ಲ. ದಿನಾ ಹಸಿ ರಸ ಹಿಂಡಿ ಕುಡಿಯುವುದು ಮಾತ್ರ ಬೇಡ. ಮರಗೆಣಸಿನಲ್ಲಿ ಸಯನೈಡ್ ಬಿಡುವ ಅಂಶವಿದೆ, ಅದು ಮೈಯಲ್ಲಿ ಥಯೋಸಯನೇಟ್ ಆಗಿ ಅಯೋಡಿನ್ ಥೈರಾಯ್ಡಿಗೆ ಹೋಗುವುದನ್ನು ತಡೆಯುತ್ತದೆ. ಊಟದಲ್ಲಿ ಅಯೋಡಿನ್ ಕಡಿಮೆ ಇದ್ದು ಮರಗೆಣಸೇ ಮೂರು ಹೊತ್ತಿನ ಊಟವಾದವರಿಗೆ ಇದು ದೊಡ್ಡ ತೊಂದರೆ. ಬಂಗುಡೆ, ಬೂತಾಯಿ, ಅಯೋಡಿನ್ ಉಪ್ಪು ತಿನ್ನುವ ಮನೆಯಲ್ಲಿ ಅಷ್ಟಿಲ್ಲ. ಮಾಡುವ ಕ್ರಮ ಹೀಗೆ: ಸಿಪ್ಪೆ ದಪ್ಪಕ್ಕೆ ತೆಗೆದು, ಸಣ್ಣ ಹೋಳು ಮಾಡಿ, ಧಾರಾಳ ನೀರಿಟ್ಟು ಮುಚ್ಚಳ ತೆರೆದೇ ಕುದಿಸಿ, ಆ ನೀರು ಚೆಲ್ಲಿ. ಕುಕ್ಕರಿನಲ್ಲಿ ಸ್ವಲ್ಪವೇ ನೀರು ಹಾಕಿ ಬೇಯಿಸಿದರೆ ಹೋಗಬೇಕಾದದ್ದು ಹೋಳಿನಲ್ಲೇ ಉಳಿಯುತ್ತದೆ.

ಇಂದುಪ್ಪು ಬಿಡಿಸಿ. ಅದರಲ್ಲಿ ನಮಗೆ ಬೇಕಾದಷ್ಟು ಅಯೋಡಿನ್ ಇಲ್ಲ. ಅಯೋಡಿನ್ ಉಪ್ಪು ಗ್ರಾಹಕರ ಕೈಗೆ ಬರುವಾಗ ಅದರಲ್ಲಿ ಅಯೋಡಿನ್ ಕನಿಷ್ಠ 15 ಪಿಪಿಎಂ (ಒಂದು ಗ್ರಾಂ ಉಪ್ಪಿಗೆ 15 ಮೈಕ್ರೋಗ್ರಾಂ) ಇರಬೇಕು. ಎಂದರೆ ದಿನಕ್ಕೆ 5 ಗ್ರಾಂ ಉಪ್ಪಿನಲ್ಲಿ 75 ಮೈಕ್ರೋಗ್ರಾಂ. ದೊಡ್ಡವರಿಗೆ ಬೇಕಾದದ್ದು 150, ಉಳಿದದ್ದು ಮೀನು, ಹಾಲು, ಮೊಟ್ಟೆಯಿಂದ ಬರಬೇಕು. ಹಾಗೆಂದು ಕಡಲಪಾಚಿ ಮಾತ್ರೆ, ಅಯೋಡಿನ್ ಹನಿ ನುಂಗಲೂ ಬಾರದು. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೊಟೊ ನಾಲ್ವರು ಹೆಂಗಸರಲ್ಲಿ ವಿವರಿಸಿದ ಈ ಥೈರಾಯ್ಡ್ ಗ್ರಂಥಿಯ ಬಾವಿನಲ್ಲಿ ಮೈಯ ರಕ್ಷಣಾ ಕಣಗಳೇ ಗ್ರಂಥಿಯನ್ನು ಮುತ್ತಿಕೊಂಡಿರುತ್ತವೆ, ಅಯೋಡಿನ್ ಅತಿಯಾದರೆ ಕಾಯಿಲೆ ಇನ್ನೂ ಕೆರಳಬಹುದು.

ಇನ್ನು ಮಲಬದ್ಧತೆ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ ಇಷ್ಟೇ ಆದರೆ ನಾರು ಎಲ್ಲಿಂದ ಬರಬೇಕು? ಗಂಜಿಯ ತಪ್ಪಲ್ಲ ಅದು, ಪಕ್ಕದಲ್ಲಿ ಏನೂ ಇಲ್ಲದ್ದು ತಪ್ಪು. ದಿನಕ್ಕೆ ಸುಮಾರು 25 ಗ್ರಾಂ ನಾರು ಬೇಕು. 30 ಗ್ರಾಂ ಹೆಸರುಕಾಳಿನ ಪಲ್ಯದಲ್ಲಿ ಸುಮಾರು 5, ಮಧ್ಯಮ ಗಾತ್ರದ ಒಂದು ಪೇರಳೆಯಲ್ಲಿ ಹೆಚ್ಚುಕಡಿಮೆ ಅಷ್ಟೇ. ಮಧ್ಯಾಹ್ನ ಬಸಳೆ ಅಥವಾ ಅಲಸಂಡೆ, ರಾತ್ರಿ ಬಾಳೆದಿಂಡು. ಆದರೆ ವಾರಕ್ಕೆ 5 ಗ್ರಾಂನಂತೆ ಏರಿಸಿ. ಒಂದೇ ದಿನ ಬಟ್ಟಲು ತುಂಬ ದಿಂಡು, ಹಲಸಿನ ಬೀಜ, ಹುರುಳಿ ಎಲ್ಲ ತಿಂದರೆ ನಿಧಾನ ಕರುಳಿನಲ್ಲಿ ಅದು ಹುದುಗಿ ಉಬ್ಬರ ಇಮ್ಮಡಿಯಾಗುತ್ತದೆ. ಆಗ ‘ನನಗೆ ಸೊಪ್ಪು ಆಗುವುದಿಲ್ಲ’ ಎಂದು ಅದನ್ನೂ ಬಿಡುತ್ತಾರೆ. ಕಾಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ ಬೇಯಿಸಿ. ನೀರು ಚೆನ್ನಾಗಿ ಕುಡಿಯಿರಿ, ಇಲ್ಲದಿದ್ದರೆ ನಾರು ಹೆಚ್ಚಿದಷ್ಟೂ ಮಲ ಗಟ್ಟಿಯಾಗುತ್ತದೆ.

ಬದಿಯಡ್ಕ_ವಾರ್ಡ್

ತುಂಬಾ ಉಪಕಾರ. ಎರಡು ಪ್ರಶ್ನೆ. ಗೋಧಿ ಬಿಟ್ಟವರಿಗೆ ಏನು ಹೇಳಲಿ? ಬೆಳಿಗ್ಗೆ ಚಾ ಬಿಡಲಾಗದವರು ಮಾತ್ರೆ ರಾತ್ರಿ ನುಂಗಬಹುದೇ?

ರಕ್ತಪರೀಕ್ಷೆ

ಗೋಧಿಯ ಬಗ್ಗೆ ಹೇಳುತ್ತೇನೆ ಅಕ್ಕಾ. ಥೈರಾಯ್ಡಿನ ಆಟೋಇಮ್ಯೂನ್ ಕಾಯಿಲೆ (ಮೈಯ ರಕ್ಷಣಾ ಕಣಗಳೇ ಗ್ರಂಥಿಗೆ ತಿರುಗಿಬೀಳುವ ಹಶಿಮೊಟೊದಂಥದ್ದು) ಇರುವವರಲ್ಲಿ ಸೀಲಿಯಕ್ ಕಾಯಿಲೆ (ಗೋಧಿಯ ಗ್ಲುಟೆನ್‌ನಿಂದ ಕರುಳು ಹಾಳಾಗುವುದು) ಉಳಿದವರಿಗಿಂತ ಹೆಚ್ಚು. ಅದಿದ್ದರೆ ಗೋಧಿಯನ್ನು ಜೀವನಪೂರ್ತಿ ಬಿಡಬೇಕು. ಇಲ್ಲದವರು ಬಿಟ್ಟರೆ ಲಾಭವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಆದ್ದರಿಂದ ಮೊದಲು ಸೀಲಿಯಕ್ ಪತ್ತೆಯ ಟಿಟಿಜಿ-ಐಜಿಎ ರಕ್ತಪರೀಕ್ಷೆ, ಜೊತೆಗೆ ಒಟ್ಟು ಐಜಿಎ. ತೊಡಕು ಇರುವುದು ಇಲ್ಲೇ: ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿದರೆ ಕಾಯಿಲೆ ಇದ್ದರೂ ನೆಗೆಟಿವ್ ಬರಬಹುದು. ಗಂಜಿ, ನೀರುದೋಸೆ, ಇಡ್ಲಿಯಲ್ಲೇ ದಿನ ಕಳೆಯುವ ನಮ್ಮ ಕಡೆಯವರಿಗೆ ಗೋಧಿ ಬಿಡದಿದ್ದರೂ ಹಾಗಾದೀತು. ಪರೀಕ್ಷೆಗೆ ಮೊದಲು ಕನಿಷ್ಠ ಆರು ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಚಪಾತಿಯನ್ನೋ ಗೋಧಿದೋಸೆಯನ್ನೋ ತಿಂದಿರಬೇಕು.

ಆಯಾಸಕ್ಕೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂಕಿ), ಬಿ12 ನೋಡಿಸಿ. ಈ ಕಾಯಿಲೆಯ ಜೊತೆಗೆ ಹೊಟ್ಟೆಯ ಒಳಪದರ ಸವೆಯುವ ಇನ್ನೊಂದು ಆಟೋಇಮ್ಯೂನ್ ತೊಂದರೆ ಇರಬಹುದು. ಆಗ ಬಿ12, ಕಬ್ಬಿಣ, ಥೈರಾಯ್ಡ್ ಮಾತ್ರೆ ಮೂರೂ ಸರಿಯಾಗಿ ಹತ್ತುವುದಿಲ್ಲ. ಮೀನು, ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಮೊದಲೇ ಕಡಿಮೆ ಇರುತ್ತದೆ. ಕೂದಲು ಉದುರುತ್ತದೆಂದು ಬಯೋಟಿನ್ (ಒಂದು ಬಿ ವಿಟಮಿನ್) ನುಂಗುವವರು ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಬೇಕು. ಇಲ್ಲದಿದ್ದರೆ ಟಿಎಸ್‌ಎಚ್ ಸುಳ್ಳೇ ಇಳಿದಂತೆ ಕಾಣಬಹುದು, ಅದನ್ನು ನಂಬಿ ಮಾತ್ರೆ ಕಡಿಮೆ ಮಾಡಿದರೆ ಕಷ್ಟ. ಆ್ಯಂಟಿ-ಟಿಪಿಒ ಅಂಕಿಯನ್ನು ಪದೇ ಪದೇ ನೋಡಿಸುವ ಖರ್ಚು ಬೇಡ. ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ.

ಮಾತ್ರೆಚೀಟಿ

ರಾತ್ರಿ ನುಂಗಬಹುದು, ಡಾಕ್ಟರಿಗೆ ತಿಳಿಸಿ. ಕೊನೆಯ ಊಟವಾಗಿ ಮೂರು ಗಂಟೆ ಕಳೆದಿರಬೇಕು, ಎಂಟಕ್ಕೆ ಉಂಡರೆ ಹನ್ನೊಂದಕ್ಕೆ. ಆಗ ರಾತ್ರಿಯ ಕ್ಯಾಲ್ಸಿಯಂ ಮಾತ್ರೆಯನ್ನು ಬೆಳಗಿನ ತಿಂಡಿಗೆ ಸರಿಸಬೇಕು. ಮಲಗುವಾಗ ಇಸಬ್‌ಗೋಲ್ ಕುಡಿಯುವವರು ಅದನ್ನೂ ಮಧ್ಯಾಹ್ನಕ್ಕೆ ಸರಿಸಬೇಕು, ಆ ನಾರು ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ದಿನ ರಾತ್ರಿ, ಒಂದು ದಿನ ಬೆಳಿಗ್ಗೆ ಎಂದು ಮಾಡಬೇಡಿ. ಉಪವಾಸದ ದಿನವೂ ಮಾತ್ರೆ ತಪ್ಪಬಾರದು.

ಪುಟದ ಕೆಳಗೆ ದಪ್ಪ ಅಕ್ಷರದಲ್ಲಿ ಇದನ್ನು ಹಾಕಿ: ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ಭೇದಿ ಇದ್ದರೆ ಅದನ್ನು ಥೈರಾಯ್ಡಿನ ತಲೆಗೆ ಕಟ್ಟದೆ ಡಾಕ್ಟರನ್ನು ಕಾಣಿ. ಭೇದಿಯ ಜೊತೆ ಎದೆ ಡವಗುಟ್ಟಿ ಕೈ ನಡುಗಿದರೆ ಮಾತ್ರೆ ಹೆಚ್ಚಾಗಿರಬಹುದು. ಗರ್ಭಿಣಿ ಎಂದು ಗೊತ್ತಾದ ದಿನವೇ ಡಾಕ್ಟರಿಗೆ ಫೋನ್ ಮಾಡಿ, ಆ ಸಮಯದಲ್ಲಿ ಸಾಮಾನ್ಯವಾಗಿ ಪ್ರಮಾಣ ಏರಿಸಬೇಕಾಗುತ್ತದೆ.