ಸ್ಮಾರ್ಟ್ ಬೋರ್ಡು, ಎಲ್‌ಎಂಎಸ್ ಎಲ್ಲಾ ಒಟ್ಟಿಗೇ ತಗೊಳ್ಳಿ ಅಂತಿದಾರೆ ಮ್ಯಾನೇಜ್‌ಮೆಂಟ್‌ನವ್ರು, ಏನ್ ಮಾಡ್ಲಿ?

ಇನ್‌ಚಾರ್ಜ್_ಪ್ರಿನ್ಸಿ
ಎಲ್ರಿಗೂ ನಮಸ್ಕಾರ. ನಮ್ದು ತಾಲೂಕು ಕೇಂದ್ರದ ಅನುದಾನಿತ ಕಾಲೇಜು, ಪಿಯು ಡಿಗ್ರಿ ಎರಡೂ ಒಂದೇ ಕಾಂಪೌಂಡಲ್ಲಿ. ಈ ವರ್ಷ ನನ್ನ ಇನ್‌ಚಾರ್ಜ್ ಪ್ರಿನ್ಸಿಪಾಲ್ ಅಂತ ಕೂರ್ಸಿದಾರೆ. ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಟೀಮ್ ಬರೋದಿದೆ ಅಂತ ಸೆಕ್ರೆಟರಿಯವ್ರು ಒಂದು ಕಂಪನಿಯವ್ರನ್ನ ಕರೆಸಿ ಡೆಮೋ ಕೊಡ್ಸಿದ್ರು, ಎಲ್ಲಾ ಕ್ಲಾಸಿಗೂ ಸ್ಮಾರ್ಟ್ ಬೋರ್ಡು, ಜೊತೆಗೆ ಎಲ್‌ಎಂಎಸ್ (ನೋಟ್ಸು, ಟೆಸ್ಟು, ಮಾರ್ಕ್ಸ್ ಎಲ್ಲಾ ಆನ್‌ಲೈನಲ್ಲಿ ಇಡೋ ಸಾಫ್ಟ್‌ವೇರ್), ಮೂರು ವರ್ಷದ ಅಗ್ರಿಮೆಂಟು. ಡೆಮೋ ಏನೋ ಚೆನ್ನಾಗೇ ಇತ್ತು. ಆದ್ರೆ ನಮ್ಮ ಸೀನಿಯರ್‌ಗಳು ಮುಖ ಮುಖ ನೋಡ್ಕೊಂಡು ಕೂತಿದ್ರು, ಪೋರ್ಟಲ್‌ಗೆ ಮಾರ್ಕ್ಸ್ ಎಂಟ್ರಿ ಮಾಡೋದ್ರಲ್ಲೇ ಅವ್ರಿಗೆ ಸಾಕಾಗಿ ಹೋಗಿದೆ, ಇನ್ನೊಂದು ಲಾಗಿನ್ನು ಅಂದ್ರೆ ಎದ್ದು ಹೋಗ್ತಾರೆ. ಬೇಡ ಅಂದ್ರೆ ಮ್ಯಾನೇಜ್‌ಮೆಂಟ್‌ಗೆ ಸಿಟ್ಟು, ಹೂಂ ಅಂದ್ರೆ ಸ್ಟಾಫ್‌ರೂಮಲ್ಲಿ ನಾನೊಬ್ನೇ. ಅನುಭವ ಇರೋರು ಹೇಳಿ.

ಮೂಡಲ್_ಮೇಷ್ಟ್ರು
ಸರ್, ಸಹಿ ಮಾಡೋಕೆ ಮುಂಚೆ ಒಂದ್ಸಲ ಸ್ಟಾಫ್‌ರೂಮಲ್ಲಿ ಕೂತು "ನಿಮ್ಗೆ ತಲೆನೋವಿನ ಕೆಲ್ಸ ಯಾವ್ದು" ಅಂತ ಕೇಳಿ. ನಮ್ಮಲ್ಲಿ ಬಂದ ಉತ್ತರ ಇಂಟರ್ನಲ್ ಟೆಸ್ಟ್ ಪೇಪರ್ ತಿದ್ದೋದು. ಅದೊಂದನ್ನೇ ಹಿಡ್ಕೊಂಡು ಮೂಡಲ್ ಅನ್ನೋ ಎಲ್‌ಎಂಎಸ್‌ನಲ್ಲಿ ಕ್ವಿಜ್ ಮಾಡಿದ್ವಿ, ಕಾಮರ್ಸ್‌ನವ್ರು ಮೊದ್ಲು ಬಂದ್ರು, ಮಾರ್ಕ್ಸ್ ತಾನೇ ತಾನಾಗಿ ಬರೋದು ನೋಡಿ ಉಳಿದೋರು ಬಂದ್ರು. ಮೂಡಲ್ 2002ರಿಂದ ಇದೆ, ಫ್ರೀ, ಆದ್ರೆ ಫ್ರೀ ಅಂದ್ರೆ ಖರ್ಚಿಲ್ಲ ಅಂತಲ್ಲ, ಸರ್ವರ್‌ಗೆ, ಬ್ಯಾಕಪ್‌ಗೆ ದುಡ್ಡು ಬೇಕು, ನೋಡ್ಕೊಳೋ ಲೆಕ್ಚರರ್‌ಗೆ ವಾರಕ್ಕೆ ಒಂದಿಷ್ಟು ಪೀರಿಯಡ್ ಕಮ್ಮಿ ಮಾಡ್ಬೇಕು. ಇದನ್ನ ಟೈಮ್‌ಟೇಬಲ್‌ನಲ್ಲೇ ಬರೀರಿ, ಬಾಯ್ಮಾತಲ್ಲಿ ಬಿಟ್ರೆ ಆಗಲ್ಲ.

ಇನ್ನೊಂದು, ಯಾವ ಡೆಮೋದಲ್ಲೂ ತೋರ್ಸಲ್ಲ ಇದನ್ನ. ಕನ್ನಡ, ಇತಿಹಾಸದವ್ರ ನೋಟ್ಸ್ ಎಲ್ಲಾ ಹಳೇ ನುಡಿ ಫಾಂಟಲ್ಲಿ ಇರತ್ತೆ. ಅದನ್ನ ಹಂಗೇ ಎಲ್‌ಎಂಎಸ್‌ಗೆ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರಕ್ಕೆ ಬಾಲ ಕೊಂಬು ಬಂದಂಗೆ ಏನೇನೋ ಕಾಣತ್ತೆ. ಎಲ್ಲಾ ಕಡೆ ಒಂದೇ ಥರ ಕಾಣೋ ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಬೋದು, ಆದ್ರೆ ಅರ್ಕಾವತ್ತು ಒತ್ತಕ್ಷರ ಅಲ್ಲಲ್ಲಿ ಕೆಡತ್ತೆ, ಕೂತು ತಿದ್ಬೇಕು. "ಸೀನಿಯರ್‌ಗಳಿಗೆ ಟೆಕ್ನಾಲಜಿ ಅಂದ್ರೆ ಭಯ" ಅಂತಾರಲ್ಲ, ಅರ್ಧ ಕಡೆ ವಿಷ್ಯ ಇಷ್ಟೇ. ಒಬ್ಬ ಟೈಪಿಸ್ಟನ್ನ ಒಂದ್ ತಿಂಗ್ಳು ಕೂರ್ಸಿ ಇದನ್ನ ಮಾಡ್ಸಿಕೊಡಿ, ನಿಮ್ಮ ಕಡೆ ವಾಲ್ತಾರೆ.

ಖಡಕ್_ರೊಟ್ಟಿ
ನಾ ರಿಟೈರ್ಡ್ ಹೈಸ್ಕೂಲ್ ಹೆಡ್‌ಮಾಸ್ತರ, ಧಾರವಾಡ ಕಡೆಯಾಂವ. ಭಾಳ ಹಿಂದ ನಮ್ಮ ಸಾಲಿಗೆ ಕಂಪ್ಯೂಟರ್ ಬಂದಿದ್ವು, ಕಲಸಾಕ ಕಂಪನಿಯಿಂದನ ಒಬ್ಬ ಹುಡುಗ. ನಮ್ಮ ಮಾಸ್ತರಗೋಳು ಆ ಖೋಲಿಗೆ ಕಾಲ ಇಡತಿರಲಿಲ್ಲ, ಅದು ಅವರದು ಅಂತ. ಕಾಂಟ್ರ್ಯಾಕ್ಟ್ ಮುಗೀತು, ಹುಡುಗ ಹೋದ, ಖೋಲಿಗೆ ಕೀಲಿ ಬಿತ್ತು. ಕೇರಳದಾಗ 2001ಕ್ಕ ಐಟಿ ಅಟ್ ಸ್ಕೂಲ್ ಶುರು ಮಾಡಿದ್ರು ನೋಡ್ರಿ, ಅಲ್ಲಿ ಸಾಲಿ ಒಳಗಿನ ಮಾಸ್ತರನ್ನ ಐಟಿ ಕೋಆರ್ಡಿನೇಟರ್ ಮಾಡಿದ್ರು, ಮಾಸ್ತರಗೋಳಿಗೆ ಮಾಸ್ತರಗೋಳ ಟ್ರೈನಿಂಗ್ ಕೊಟ್ರು, ಮುಂದ ಸಾಫ್ಟ್‌ವೇರೂ ಲಿನಕ್ಸ್ ಮ್ಯಾಲಿಂದು, ಫುಕಟ್. 2017ಕ್ಕ ಅದ ಕೈಟ್ ಅಂತ ಸರ್ಕಾರಿ ಕಂಪನಿ ಆತು. ಹುಡುಗರಿಗೂ ಲಿಟಲ್ ಕೈಟ್ಸ್ ಅಂತ ಕ್ಲಬ್ ಮಾಡ್ಯಾರ. ನಿಮ್ಮ ಅಗ್ರಿಮೆಂಟ್‌ನ್ಯಾಗ ಕಂಪನಿ ಹುಡುಗ ಬರ್ತಾನ ಅಂತ ಇದ್ರ ಅದನ್ನ ಹೊಡದು ಹಾಕ್ರಿ, ಆ ರೊಕ್ಕಾ ನಿಮ್ಮ ಸ್ಟಾಫ್ ಟ್ರೈನಿಂಗಿಗೆ ಹಾಕ್ರಿ.

ಬೆಂಚ್_ಲಾಸ್ಟ್
ಎಲ್ರೂ ಬೇಡ ಬೇಡ ಅಂತಿದೀರಲ್ಲ, ಟ್ರಸ್ಟ್‌ನವ್ರು ಈಗ ದುಡ್ಡು ಬಿಚ್ತಿದಾರೆ, ಬಿಟ್ರೆ ಮುಂದಿನ ವರ್ಷ ಅದು ಗೇಟಿನ ಕಮಾನಿಗೆ ಹೋಗತ್ತೆ 😄 ನಾನಾಗಿದ್ರೆ ತಗೊಳ್ತೀನಿ, ಆದ್ರೆ ಎರಡೇ ರೂಮಿಗೆ ಬೋರ್ಡು, ಉಳಿದಿದ್ದಕ್ಕೆ ಪ್ರೊಜೆಕ್ಟರ್, ಒಳ್ಳೇ ಯುಪಿಎಸ್, ವೈಫೈ. ಕರೆಂಟ್ ಹೋದ್ರೆ ಸ್ಮಾರ್ಟ್ ಬೋರ್ಡ್ ಮೇಲೆ ಚಾಕ್‌ಪೀಸಲ್ಲೂ ಬರೆಯೋಕಾಗಲ್ಲ.

ಮೂಡಲ್_ಮೇಷ್ಟ್ರು
@ಬೆಂಚ್_ಲಾಸ್ಟ್ ದುಡ್ಡು ಬಿಡಿ ಅಂತ ನಾನು ಹೇಳ್ಲಿಲ್ಲ, ಯಾವ್ದಕ್ಕೆ ಅಂತಷ್ಟೇ. ಪೆರು ದೇಶದಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ್ರು, 319 ಹಳ್ಳಿ ಶಾಲೆ ಇಟ್ಕೊಂಡು ಅಧ್ಯಯನ ಮಾಡಿ 2012ರಲ್ಲಿ ರಿಪೋರ್ಟ್ ಬಂತು, ಮಕ್ಕಳ ಕೈಲಿ ಕಂಪ್ಯೂಟರ್ ಓಡಾಡಿದ್ದು ನಿಜ, ಗಣಿತ ಮತ್ತೆ ಭಾಷೆ ಟೆಸ್ಟಲ್ಲಿ ಮಾತ್ರ ವ್ಯತ್ಯಾಸ ಕಾಣ್ಲಿಲ್ಲ. ಎರಡೇ ರೂಮು ಅನ್ನೋದು ನಂಗೂ ಒಪ್ಪಿಗೆ.

ಪಿಯು_ಪೇರೆಂಟ್
ಪ್ರಿನ್ಸಿಪಾಲ್ ಸರ್, ಪಿಯು ಮಕ್ಕಳು 18 ತುಂಬದೋರು. 2023ರ ಡೇಟಾ ರಕ್ಷಣೆ ಕಾಯ್ದೆಲಿ ಅಂಥೋರ ಮಾಹಿತಿ ತಗೊಳೋಕೆ ತಂದೆತಾಯಿ ಒಪ್ಪಿಗೆ ಬೇಕು ಅಂತಿದೆ. ಮಕ್ಕಳ ಫೋನ್ ನಂಬರ್, ಮಾರ್ಕ್ಸ್ ಎಲ್ಲಿ ಇಡ್ತಾರೆ, ಮೂರು ವರ್ಷ ಆದ್ಮೇಲೆ ಎಕ್ಸೆಲ್‌ನಲ್ಲಿ ವಾಪಸ್ ಕೊಡ್ತಾರಾ, ಬರೆಸ್ಕೊಳ್ಳಿ. ಮತ್ತೆ ಹೋಮ್‌ವರ್ಕ್ ಎಲ್ಲಾ ಆ್ಯಪಲ್ಲೇ ಅಂದ್ರೆ ಮನೇಲಿ ಒಂದೇ ಫೋನ್ ಇರೋರು ಏನ್ ಮಾಡ್ಬೇಕು, ಅಪ್ಪ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದ್ಮೇಲೆ ಫೋನ್ ಸಿಗೋದು.

ಇನ್‌ಚಾರ್ಜ್_ಪ್ರಿನ್ಸಿ
ಎಲ್ರಿಗೂ ಥ್ಯಾಂಕ್ಸ್. ನುಡಿ ಫಾಂಟ್ ವಿಷ್ಯ ನಮ್ಮ ಕನ್ನಡ ಮೇಡಂಗೆ ಹೇಳ್ದೆ, "ಅದನ್ನ ಮಾಡ್ಸಿಕೊಡಿ, ಆಮೇಲೆ ಏನ್ ಬೇಕಾದ್ರೂ ಕೇಳಿ" ಅಂದ್ರು. ಸೆಕ್ರೆಟರಿಯವ್ರ ಮುಂದೆ ಎರಡು ರೂಮು, ಒಂದು ವರ್ಷದ ಅಗ್ರಿಮೆಂಟು ಅಂತ ಇಡ್ತೀನಿ, ಕಂಪನಿಯವ್ರು ಒಪ್ತಾರೋ ಇಲ್ವೋ. ಮೂಡಲ್ ನೋಡ್ಕೊಳೋರಿಗೆ ಪೀರಿಯಡ್ ಕಮ್ಮಿ ಮಾಡಿದ್ರೆ ವರ್ಕ್‌ಲೋಡ್ ಸ್ಟೇಟ್‌ಮೆಂಟಲ್ಲಿ ಹೆಂಗ್ ತೋರಿಸ್ತೀರಿ ಮೇಷ್ಟ್ರೇ? ಜೆಡಿ (ಜಂಟಿ ನಿರ್ದೇಶಕರ) ಆಫೀಸ್‌ನಲ್ಲಿ ಕೇಳಿದ್ರೆ ಏನ್ ಹೇಳೋದು?